ಹತ್ತಕ್ಕೆ ಇಳಿದ ಶುಗರ್

ಅಪ್ಪ ಮೊದಲ ಸಲ ಇಂಗ್ಲೆಂಡಿಗೆ ಬಂದಾಗಿನ ಮಾತು. ದಾವಣಗೆರೆಯಿಂದ ಬಂದು ನಾಲ್ಕು ದಿನ ಆಗಿತ್ತು. ಬೆಳಿಗ್ಗೆ ಎದ್ದವರೇ ನಮ್ಮ ಮನೆಯ ಮೀಟರಿನಲ್ಲಿ ಶುಗರ್ ನೋಡಿಕೊಂಡರು. ಅಡುಗೆಮನೆಗೆ ಬಂದಾಗ ಮುಖ ಅರಳಿತ್ತು. "ನೋಡವ್ವಾ, ಊರಾಗೆ ನೂರಾ ಎಂಬತ್ತು ಇತ್ತು. ಇಲ್ಲಿ ಹತ್ತಕ್ಕೆ ಇಳಿದೈತಿ. ಹವಾ ಅಂದ್ರೆ ಇದು!" ಅಂದರು. ಏನಾಗಿದೆ ಅಂತ ನನಗೆ ಹೊಳೆಯುವಷ್ಟರಲ್ಲಿ ಮೈಸೂರು ಪಾಕಿನ ಎರಡನೇ ತುಂಡು ಒಳಗೆ ಹೋಗಿತ್ತು.

ಊರಿನ ಲ್ಯಾಬು ಶುಗರನ್ನು ಮಿಲಿಗ್ರಾಮಿನಲ್ಲಿ ಹೇಳುತ್ತದೆ. ಇಂಗ್ಲೆಂಡಿನ ಮೀಟರು ಮಿಲಿಮೋಲ್ ಅನ್ನುವ ಬೇರೆ ಅಳತೆಯಲ್ಲಿ ಹೇಳುತ್ತದೆ. ಊರಿನ ಅಂಕಿಯನ್ನು 18ರಿಂದ ಭಾಗಿಸಿದರೆ ಅಲ್ಲಿನ ಅಂಕಿ. 180 ಅಂದರೆ ಸರಿಯಾಗಿ 10. ಶುಗರ್ ಎಳ್ಳಷ್ಟೂ ಇಳಿದಿರಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ ಒನ್ ಸಿ ಪರೀಕ್ಷೆಯದ್ದೂ ಇದೇ ಕಥೆ. ಊರಲ್ಲಿ 6.5 ಅಂದರೆ ಸಕ್ಕರೆ ಕಾಯಿಲೆ. ಅದೇ ಅಲ್ಲಿ 48. ಅಪ್ಪ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವರು. ಅವರೇ ಎಡವಿದರು.

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯ ಮಾತನ್ನು ದಾವಣಗೆರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವ್ವನ ಕಣ್ಣಿನ ಪೊರೆ ಆಪರೇಷನ್ ಅಂತ ಬಂದವಳು, ತಿಂಗಳು ಉಳಿದುಬಿಟ್ಟೆ. ಸಂಘದ ಕಮಿಟಿಯಲ್ಲಿ ಒಂದು ವಿಷಯ ಅರ್ಧಕ್ಕೆ ನಿಂತಿತ್ತು. ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಗುರುದ್ವಾರ, ಮಸೀದಿ, ತಮಿಳು ಸಂಘ, ಕೆರಿಬಿಯನ್ ಚರ್ಚು ಎಲ್ಲ ಸೇರಿ ಆರೋಗ್ಯದ ಕೆಲಸ ಮಾಡೋಣ ಅಂದಿದ್ದಾರೆ. ನಾವು ಸೇರಬೇಕೋ ಬೇಡವೋ? ಉತ್ತರ ನನಗೆ ಇಲ್ಲಿ ಸಿಕ್ಕಿತು. ಅದೂ ಬೇರೆ ದಾರಿಯಲ್ಲಿ.

ದಾವಣಗೆರೆ ಡಾಕ್ಟರುಗಳ ಊರು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಯಿತು. ಸುತ್ತಲಿನ ತಾಲ್ಲೂಕುಗಳಿಂದ ಜನ ಬಸ್ಸು ಹತ್ತಿ ಇಲ್ಲಿಗೇ ತೋರಿಸಲು ಬರುತ್ತಾರೆ. ಇಷ್ಟೆಲ್ಲ ಇರುವ ಊರಲ್ಲಿ ಆಸ್ಪತ್ರೆ ಯಾರಿಗೆ ದೂರ ಅಂತ ನಾನು ಕೇಳಿಕೊಂಡೇ ಇರಲಿಲ್ಲ.

ನಮ್ಮೂರು ಅಂದರೆ ಹೊರಗಿನವರಿಗೆ ಬೆಣ್ಣೆದೋಸೆ. ನಮಗೆ ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಕೂಡ. ಆ ಮಂಡಕ್ಕಿ ಬರುವುದು ಭಟ್ಟಿಗಳಿಂದ. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಅರಳಿಸುತ್ತಾರೆ. ಒಲೆ ಮುಂದೆ ನಿಂತವರ ಪಾಲಿಗೆ ಹೊಗೆ, ಬೂದಿ, ಝಳ. ಕೆಲಸ ಮಾಡುವವರಲ್ಲಿ ಮುಸ್ಲಿಂ ಕುಟುಂಬಗಳು ಜಾಸ್ತಿ. ಮನೆಮಾತು ಉರ್ದು. ಅವ್ವನ ಜೊತೆ ಮಂಡಕ್ಕಿ ತರಲು ಹೋದಾಗ ಅಲ್ಲೊಬ್ಬರು ಒಂದೇ ಸಮ ಕೆಮ್ಮುತ್ತಿದ್ದರು. ತೋರಿಸಿದ್ರಾ ಅಂತ ಕೇಳಿದೆ. "ಇದು ಭಟ್ಟಿ ಕೆಮ್ಮಮ್ಮಾ, ರೋಗದ್ದಲ್ಲ" ಅಂದರು.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಆಟೋದಲ್ಲಿ ಹತ್ತು ನಿಮಿಷದ ದಾರಿ. ಆದರೆ ಹೋದರೆ ಅವತ್ತಿನ ಕೂಲಿ ಹೋಯಿತು. ಆ ಕಡೆ ಓಡಾಡುವ ಆಶಾ ಕಾರ್ಯಕರ್ತೆಯೊಬ್ಬರು ಹೇಳಿದ್ದು ಕೇಳಿ. ಚೀಟಿ ಹಂಚಿದರು, ಯಾರೂ ಬರಲಿಲ್ಲ. ಆಮೇಲೆ ಮಸೀದಿಯ ಹಿರಿಯರನ್ನು ಕಂಡು ಮೈಕಿನಲ್ಲಿ ಹೇಳಿಸಿದರು. ಹೆಂಗಸರ ಸಂಘದವರು ಮನೆಮನೆಗೆ ಹೋದರು. ಕಫದ ಡಬ್ಬಿಯನ್ನು ಭಟ್ಟಿ ಆರುವ ಹೊತ್ತಿಗೆ ಅಲ್ಲಿಗೇ ತಂದುಕೊಟ್ಟು, ಅಲ್ಲಿಂದಲೇ ತೆಗೆದುಕೊಂಡು ಹೋದರು. ಆಗ ಜನ ಬಂದರು. "ಅವರು ಬರಲ್ಲ ಅಂತಿದ್ವಿ ಮೇಡಂ. ಹೋಗದೇ ಇದ್ದವರು ನಾವು" ಅಂದರು ಆಕೆ.

ಇನ್ನೊಂದು ದಿನ ಚಿಕ್ಕಪ್ಪನ ಮಗಳ ಜೊತೆ ನ್ಯಾಮತಿ ತಾಲ್ಲೂಕಿನ ಒಂದು ತಾಂಡಾಕ್ಕೆ ಹೋಗಿದ್ದೆ. ಅವಳು ಆರೋಗ್ಯ ಇಲಾಖೆಯಲ್ಲಿ ನರ್ಸು. ಬಂಜಾರರ ಗುರು ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ಅದೇ ತಾಲ್ಲೂಕಿನಲ್ಲಿ. ಫೆಬ್ರುವರಿಯ ಜಾತ್ರೆಗೆ ಎಲ್ಲೆಲ್ಲಿಂದಲೋ ಬಂಜಾರ ಜನ ಅಲ್ಲಿಗೆ ನಡೆದು ಬರುತ್ತಾರೆ. ನಾನು ಅದೇ ಜಿಲ್ಲೆಯಲ್ಲಿ ಬೆಳೆದವಳು. ತಾಂಡಾದ ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ನಾಚಿಕೆಯಾಯಿತು.

ಅಂಗನವಾಡಿ ಗೋಡೆಯ ಮೇಲೆ ರಕ್ತಹೀನತೆಯ ಬಗ್ಗೆ ಒಂದು ಪೋಸ್ಟರ್ ಇತ್ತು. ಚೆಂದದ ಕನ್ನಡ. ತಂಗಿ ಅದನ್ನೇ ಬಿಡಿಸಿ ಹೇಳಿದಳು. ಹೆಂಗಸರು ಹೂಂ ಹೂಂ ಅಂದರು. ನಮಗೆಲ್ಲ ಸಮಾಧಾನ. ಅವಳು ಮುಗಿಸಿ ಆ ಕಡೆ ತಿರುಗಿದ್ದೇ ತಡ, ವಯಸ್ಸಾದವರೆಲ್ಲ ತಾಂಡಾದವಳೇ ಆದ ಆಶಾ ಕಾರ್ಯಕರ್ತೆಯನ್ನು ಸುತ್ತಿಕೊಂಡು ಲಂಬಾಣಿ ಮಾತಿನಲ್ಲಿ ಶುರು ಮಾಡಿದರು. ಕಬ್ಬಿಣದ ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದಾ? ಮಲ ಕಪ್ಪಾದರೆ ಹೊಟ್ಟೆಯೊಳಗೆ ಏನಾಗಿದೆ? ನಮ್ಮನ್ನು ಒಂದೂ ಕೇಳಿರಲಿಲ್ಲ. ದಾರಿಯಲ್ಲಿ ತಂಗಿ ಅಂದಳು, "ಹೂಂ ಅಂದರೆ ತಿಳೀತು ಅಂತಲ್ಲಕ್ಕಾ. ಬೇಗ ಹೋಗ್ರಿ ಅಂತ."

ಅಲ್ಲಿನ ದೊಡ್ಡ ತೊಂದರೆ ಗುಳೆ. ಮಳೆ ಮುಗಿದರೆ ಕಬ್ಬು ಕಡಿಯಲು ಹೋಗುತ್ತಾರೆ. ಇನ್ನು ಕೆಲವರು ಕಾಫಿ ತೋಟಗಳಿಗೆ. ಬಸುರಿಯರೂ ಹೋಗುತ್ತಾರೆ, ಹಾಲು ಕುಡಿಯುವ ಮಕ್ಕಳೂ ಹೋಗುತ್ತವೆ. ತಾಯಿ ಕಾರ್ಡು ಊರಲ್ಲೇ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಲಸಿಕೆ ತಪ್ಪುತ್ತದೆ. ಹೋದ ಊರಲ್ಲಿ ಅವರ ಹೆಸರು ಯಾರ ಪಟ್ಟಿಯಲ್ಲೂ ಇಲ್ಲ. ಆ ತಾಂಡಾದಲ್ಲಿ ಮುಖಂಡರಾದ ನಾಯಕ್, ಕಾರಭಾರಿ, ಅಂಗನವಾಡಿ ಟೀಚರ್, ಆಶಾ ನಾಲ್ಕೂ ಜನ ಕೂತು ಯಾರು ಯಾವ ಊರಿಗೆ ಹೊರಟಿದ್ದಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಕರೆದುಕೊಂಡು ಹೋಗುವ ಮೇಸ್ತ್ರಿಯ ಫೋನ್ ನಂಬರ್ ಸಹಿತ. ಕಾರ್ಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗೆ ಕೊಟ್ಟು ಕಳಿಸುತ್ತಾರೆ. ನೂರು ಪುಟದ ನೋಟ್‌ಬುಕ್ಕು, ಅಷ್ಟೇ. ಯಾವ ಆ್ಯಪೂ ಅಲ್ಲ.

ಚಿತ್ರದುರ್ಗದ ಕಡೆಯ ಮಾತು ಬಂದರೆ ನೀರಿನಿಂದ ಶುರು ಮಾಡಬೇಕು. ಜಗಳೂರು, ಚಳ್ಳಕೆರೆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಯಾವ ಸೀಮೆಯವರು ಅಂತ ಹಿರಿಯರು ಹೇಳಿಬಿಡುತ್ತಿದ್ದರು. ದುಡ್ಡಿದ್ದವರು ಮನೆಗೆ ಫಿಲ್ಟರ್ ಹಾಕಿಸಿಕೊಂಡರು. ಉಳಿದವರು ಅದನ್ನೇ ಕುಡಿದರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತರು. ಸತ್ತವರು ದಲಿತ ಕೇರಿಯವರು. ಎಲ್ಲರ ಮನೆಯ ನಲ್ಲಿಯೂ ಒಂದೇ ಅಲ್ಲ, ಅಲ್ವಾ?

ಇಷ್ಟು ನೋಡಿ ರಾತ್ರಿ ಅಟ್ಟದ ಮೇಲೆ ಮಲಗಿದಾಗ ಒಂದು ಮಾತು ಕೊರೆಯಿತು. ಇಲ್ಲಿ ಬೋರ್ಡು ನನ್ನ ಭಾಷೆಯಲ್ಲಿದೆ. ಪೋಸ್ಟರ್ ಬರೆದವರು ನನ್ನಂಥವರು. ಹೂಂ ಅನ್ನಿಸಿಕೊಂಡು ಸಮಾಧಾನಪಟ್ಟವಳು ನಾನು. ವಿಮಾನ ಹತ್ತಿ ಇಳಿದರೆ ನಾನೇ ತಾಂಡಾದ ಮುದುಕಿ. ಅಲ್ಲಿ ಹೂಂ ಅನ್ನುವುದು ನಮ್ಮ ಅವ್ವಂದಿರು.

ಇಂಗ್ಲೆಂಡಿನ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ. ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಬಿಳಿಯರಿಗಿಂತ ಜಾಸ್ತಿ ಬರುತ್ತದೆ, ಬೇಗ ಬರುತ್ತದೆ, ತೂಕ ಕಡಿಮೆ ಇದ್ದಾಗಲೇ ಬರುತ್ತದೆ. ಅದಕ್ಕೇ ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಬಿಎಂಐ ಲೆಕ್ಕದಲ್ಲಿ ಅವರಿಗೆ 25 ಎಚ್ಚರಿಕೆಯ ಗೆರೆಯಾದರೆ ನಮಗೆ 23. ಬೊಜ್ಜಿನ ಗೆರೆ ಅವರಿಗೆ 30 ಇದ್ದಲ್ಲಿ ನಮಗೆ 27.5. ಕೋವಿಡ್ ಬಂದಾಗ 2020ರ ಜೂನಿನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯೇ ಒಂದು ವರದಿ ಕೊಟ್ಟಿತು. ವಯಸ್ಸು, ಬಡತನ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬಾಂಗ್ಲಾದೇಶಿ ಮೂಲದವರಿಗೆ ಸಾವಿನ ಅಪಾಯ ಬಿಳಿ ಬ್ರಿಟಿಷರ ಎರಡು ಪಟ್ಟು. ಭಾರತ, ಪಾಕಿಸ್ತಾನ, ಕೆರಿಬಿಯನ್ ಮೂಲದವರಿಗೂ ಜಾಸ್ತಿಯೇ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದಲ್ಲಿ ಆಮ್ಲಜನಕವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು ಅಂತ 2024ರಲ್ಲಿ ಇನ್ನೊಂದು ವರದಿ ಒಪ್ಪಿತು.

ಲಂಡನ್ನಿಗೆ ಹೋದಾಗ ನಾವೆಲ್ಲ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. 2015ರ ನವೆಂಬರಿನಲ್ಲಿ ಅದರ ಅನಾವರಣ ಆದ ಮೇಲೆ ಅದು ನಮಗೆ ಯಾತ್ರೆಯೇ ಆಗಿದೆ. ಅಲ್ಲಿಂದ ದಂಡೆಗುಂಟ ಸ್ವಲ್ಪ ನಡೆದರೆ ಕೋವಿಡ್ ನೆನಪಿನ ಗೋಡೆ. ಒಂದೊಂದು ಸಾವಿಗೆ ಒಂದೊಂದು ಕೆಂಪು ಹೃದಯ ಬರೆದಿದ್ದಾರೆ. ಮುಂದಿನ ಸಲ ಅಲ್ಲಿಗೂ ಹೋಗಿ ಬನ್ನಿ. ಅದರ ಮೇಲಿನ ಹೆಸರು ಓದುತ್ತ ಹೋದರೆ ನಮ್ಮ ಕಡೆಯ ಹೆಸರೂ ಸಿಗುತ್ತವೆ.

ಈಗ ನಮ್ಮ ಸಂಘದ ಸಂಗತಿ. ಕಳೆದ ಯುಗಾದಿಗೆ ಆರೋಗ್ಯ ಶಿಬಿರ ಮಾಡಿದೆವು. ಹಾಲ್ ತುಂಬಾ ಡಾಕ್ಟರುಗಳು. ಒಬ್ಬ ಡಾಕ್ಟರರ ಬಿಪಿಯನ್ನು ಇನ್ನೊಬ್ಬ ಡಾಕ್ಟರ್ ನೋಡಿದರು. ಹೋಳಿಗೆ ಊಟ ಚೆನ್ನಾಗಿತ್ತು. ಬೇಜಾರು ಮಾಡಿಕೊಳ್ಳಬೇಡಿ, ಅಡುಗೆ ಮಾಡಿದವರಲ್ಲಿ ನಾನೂ ಒಬ್ಬಳು. ಆದರೆ ಬರಬೇಕಾದವರು ಬರಲಿಲ್ಲ. ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವ ಹೊಸ ಹುಡುಗಿಯರು ಬರಲಿಲ್ಲ. ಹೋಟೆಲಿನ ಅಡುಗೆ ಹುಡುಗರು ಬರಲಿಲ್ಲ. ಮಗನ ಮನೆಯ ಮೇಲಿನ ರೂಮಿನಲ್ಲಿ ಟಿವಿ ಮುಂದೆ ಕೂತ ಹಿರಿಯರನ್ನು ಯಾರೂ ಕರೆದು ತರಲಿಲ್ಲ.

ನಮ್ಮಲ್ಲಿ ಡಾಕ್ಟರುಗಳಿದ್ದಾರೆ, ಜನ ಇಲ್ಲ. ಗುರುದ್ವಾರದ ಲಂಗರಿಗೆ, ಅಂದರೆ ಉಚಿತ ಊಟಕ್ಕೆ, ದಿನಾ ಜನ ಬರುತ್ತಾರೆ, ಡಾಕ್ಟರುಗಳು ಸಾಲದು. ಮಸೀದಿಗಳ ಅನುಭವ ನಮಗಿಂತ ಮುಂದಿದೆ. ಬರ್ಮಿಂಗ್‌ಹ್ಯಾಮಿನ ಬಾಲ್ಸಲ್ ಹೀತ್‌ನ ಒಂದು ಮಸೀದಿ 2021ರ ಜನವರಿಯಲ್ಲೇ ಲಸಿಕೆ ಕೇಂದ್ರವಾಗಿತ್ತು. ರಂಜಾನ್ ಉಪವಾಸದಲ್ಲಿ ಇನ್ಸುಲಿನ್ ಹೇಗೆ, ಗುಳಿಗೆ ಯಾವಾಗ ಅಂತ ಮುಸ್ಲಿಂ ವೈದ್ಯರು ಸೊಗಸಾಗಿ ಬರೆದಿಟ್ಟಿದ್ದಾರೆ. ಶಿವರಾತ್ರಿಗೆ, ಏಕಾದಶಿಗೆ ಉಪವಾಸ ಮಾಡುವ ನಮ್ಮ ಶುಗರಿನ ಅಜ್ಜಿಯರಿಗೆ ಅಂಥದ್ದೊಂದು ಕಾಗದ ನಾವು ಬರೆದಿದ್ದೇವಾ? ಅವರದ್ದನ್ನು ಕೇಳಿ ತಂದು, ನಮ್ಮ ಡಾಕ್ಟರುಗಳ ಕೈಯಲ್ಲಿ ನಮ್ಮ ಉಪವಾಸಕ್ಕೆ ತಕ್ಕಂತೆ ಬರೆಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಅಮೆರಿಕದಲ್ಲಿ ಲಾಸ್ ಏಂಜಲೀಸಿನ ಕಪ್ಪು ಜನರ 52 ಕಟಿಂಗ್ ಶಾಪುಗಳಲ್ಲಿ ಬಿಪಿಯ ಪ್ರಯೋಗ ನಡೆಯಿತು. ಫಾರ್ಮಸಿಸ್ಟ್ ಅಲ್ಲಿಗೇ ಬಂದು ಬಿಪಿ ನೋಡಿ ಗುಳಿಗೆ ಕೊಡುತ್ತಿದ್ದರು. 2018ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಮೇಲಿನ ಬಿಪಿ 27ರಷ್ಟು ಇಳಿದಿತ್ತು. ಬರೀ ಬುದ್ಧಿಮಾತು ಕೇಳಿ, ಡಾಕ್ಟರನ್ನು ನೋಡಿ ಅಂತ ಹೇಳಿಸಿಕೊಂಡವರಲ್ಲಿ 9ರಷ್ಟು. ಹೊಸ ಔಷಧಿ ಏನೂ ಬಂದಿರಲಿಲ್ಲ. ಔಷಧಿ ಕೊಡುವವರು ಬಂದು ಕೂತ ಜಾಗ ಹೊಸದು.

ಕಮಿಟಿಯಲ್ಲಿ ಒಬ್ಬ ಹಿರಿಯರು ಕೇಳಿದರು, "ನಮ್ಮ ಚಂದಾ ದುಡ್ಡು ನಮ್ಮವರಿಗೆ ತಾನೇ?" ಪ್ರಾಮಾಣಿಕ ಪ್ರಶ್ನೆ. ನನ್ನ ಉತ್ತರ ಇದು. ನಾವು ಇನ್ನೂರು ಮನೆ. ಇನ್ನೂರು ಮನೆಗಾಗಿ ಕನ್ನಡದಲ್ಲಿ ಕಾಗದ ಯಾರೂ ಅಚ್ಚು ಹಾಕುವುದಿಲ್ಲ. ಕರುಳಿನ ಕ್ಯಾನ್ಸರ್ ಪರೀಕ್ಷೆಯ ಡಬ್ಬಿ ಅಂಚೆಯಲ್ಲಿ ಮನೆಗೇ ಬರುತ್ತದೆ. ನಾನು ನೋಡಿದ ಡಬ್ಬಿಯ ಜೊತೆ ಕನ್ನಡ ಇರಲಿಲ್ಲ. ನಮ್ಮ ಬೀದಿಯ ಒಬ್ಬ ಅಜ್ಜಿ ಅದನ್ನು ಗುಂಡಿಗಳ ಡಬ್ಬಿ ಮಾಡಿಕೊಂಡಿದ್ದಾರೆ. ಐದು ಸಮುದಾಯ ಒಟ್ಟಿಗೆ ಹೋಗಿ ಕೇಳಿದರೆ ಕಿವಿಗೊಡುತ್ತಾರೆ. ಇನ್ನೊಂದು ವಿಷಯ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಬೇಕು ಅಂದರೆ ರೋಗಿ ದುಡ್ಡು ಕೊಡಬೇಕಾಗಿಲ್ಲ. ಮೊದಲೇ ಕೇಳಬೇಕು, ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಅಜ್ಜಿಯ ಬಿಳಿಸೆರಗಿನ ತೊಂದರೆಯನ್ನು ಹನ್ನೆರಡು ವರ್ಷದ ಮೊಮ್ಮಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾನೋ! ಅಜ್ಜಿ ಹೇಳುತ್ತಾರಾ? ಹೊಟ್ಟೆನೋವು ಅಂದು ಎದ್ದು ಬರುತ್ತಾರೆ.

ಇನ್ನೊಂದು ಎಚ್ಚರ. ಆರೋಗ್ಯದ ಮಾತು ಬಂದ ಕೂಡಲೇ ನಮ್ಮ ಅನ್ನ, ನಮ್ಮ ತುಪ್ಪ, ನಮ್ಮ ಸೋಮಾರಿತನ ಅಂತ ಬೈದುಕೊಳ್ಳುವ ಚಾಳಿ ನಮ್ಮಲ್ಲಿದೆ. ಬೆಣ್ಣೆದೋಸೆಯ ವಿಷಯದಲ್ಲಿ ನಾನು ತಪ್ಪಿತಸ್ಥಳೇ, ಬಿಡಿ. ಆದರೆ ಇಂಗ್ಲೆಂಡಿನ ಆರೋಗ್ಯದ ಅಸಮಾನತೆಯನ್ನು ಅಧ್ಯಯನ ಮಾಡಿದ ಮೈಕೇಲ್ ಮಾರ್ಮಟ್ 2010ರ ವರದಿಯಲ್ಲಿ ಹೇಳಿದ್ದೇ ಬೇರೆ. ಹುಟ್ಟಿದ ಮನೆ, ಓದು, ಕೆಲಸ, ಸಂಬಳ, ಇರುವ ಬೀದಿ ಇವೇ ಆರೋಗ್ಯದ ಬೇರು ಅಂತ. ಭಟ್ಟಿಯ ಕೆಮ್ಮು ಯಾರ ಚಟವೂ ಅಲ್ಲ. ವಾರಕ್ಕೆ ಐದು ರಾತ್ರಿ ಪಾಳಿ ಮಾಡಿ, ಗೋಡೆಗೆ ಬೂಷ್ಟು ಹಿಡಿದ ರೂಮಿನಲ್ಲಿ ನಾಲ್ಕು ಜನ ಮಲಗುವ ಹುಡುಗಿಗೆ ಯೋಗ ಮಾಡಮ್ಮಾ ಅಂದರೆ ಅವಳೂ ಹೂಂ ಅನ್ನುತ್ತಾಳೆ.

ಹಾಗಾಗಿ ನಾವು ಸೇರುತ್ತಿದ್ದೇವೆ. ಮುಂದಿನ ತಿಂಗಳಿಂದ ಎರಡನೇ ಶನಿವಾರ ನಮ್ಮ ಡಾಕ್ಟರುಗಳು ಗುರುದ್ವಾರದ ಊಟದ ಹಾಲಿನಲ್ಲಿ ಕೂರುತ್ತಾರೆ. ಅಂಕಿಗಳನ್ನು ಎರಡೂ ಲೆಕ್ಕದಲ್ಲಿ ಬರೆದುಕೊಡುತ್ತಾರೆ, ಊರಿನದ್ದು ಮತ್ತು ಇಂಗ್ಲೆಂಡಿನದ್ದು. ಅಪ್ಪನ ಒತ್ತಾಯ ಅದು. ಕೊನೆಯ ಪುಟದಲ್ಲಿ ಸ್ವಯಂಸೇವಕರ ಫಾರಂ ಇದೆ. ಹೆಸರು, ಫೋನ್ ಜೊತೆಗೆ ಮನೆಯಲ್ಲಿ ಆಡುವ ಮಾತು ಯಾವುದು ಅಂತ ಒಂದು ಹೊಸ ಸಾಲು ಸೇರಿಸಿದ್ದೇವೆ. ತುಳು, ಕೊಂಕಣಿ, ಉರ್ದು, ಲಂಬಾಣಿ, ಬ್ಯಾರಿ, ಕೊಡವ, ಯಾವುದಿದ್ದರೂ ಬರೆಯಿರಿ. ಕನ್ನಡ ಸಂಘದ ಫಾರಂ ಅಂತ ಕನ್ನಡ ಅಂತಲೇ ಬರೆಯಬೇಕಾಗಿಲ್ಲ.