14 ತಿಂಗಳ ಔಷಧ ಮುಗಿದ ಮೇಲೆ: ಡೊಂಬಿವಲಿಯಿಂದ ಒಂದು ಕೃತಜ್ಞತೆ

ಕಳೆದ ತಿಂಗಳ ಕೊನೆಯಲ್ಲಿ ನಾನು, ಸಾರ್ಕಾಯ್ಡೋಸಿಸ್ ಎಂಬ ರೋಗಕ್ಕೆ ತೆಗೆದುಕೊಳ್ಳುತ್ತಿದ್ದ ಸ್ಟೀರಾಯ್ಡ್ ಔಷಧವಾದ ಪ್ರೆಡ್ನಿಸೊಲೋನ್‌ನ ಕೊನೆಯ ಗುಳಿಗೆಯನ್ನು ನುಂಗಿದೆ. ದಿನಕ್ಕೆ 30 ಮಿಲಿಗ್ರಾಂನಿಂದ ಆರಂಭವಾಗಿ ಹಂತಹಂತವಾಗಿ ಇಳಿಯುತ್ತ ಬಂದ ಈ ಚಿಕಿತ್ಸೆ 14 ತಿಂಗಳು ನಡೆಯಿತು. ಎದೆಯೊಳಗಿನ ಗಂಟುಗಳು ಕುಗ್ಗಿವೆಯೆಂದು ಎಕ್ಸ್-ರೇ ಹೇಳುತ್ತಿದೆ. ಉಸಿರಾಟದ ಪರೀಕ್ಷೆಯ ಅಂಕಿಗಳೂ ಸಹಜ ಮಟ್ಟಕ್ಕೆ ಮರಳಿವೆ. ಮುಂಬೈಯ ದಾದರ್ ನಿಲ್ದಾಣದ ಸೇತುವೆಯ ಮೆಟ್ಟಿಲುಗಳನ್ನು ನಡುವೆ ಎಲ್ಲಿಯೂ ನಿಲ್ಲದೆ ಹತ್ತಿದ ದಿನವೇ, ಈ ರೋಗ ಏನೆಂದು ನನಗೆ ತಿಳಿಸಿಕೊಟ್ಟವರನ್ನೂ ತಿಳಿಯುವ ಮೊದಲೇ ನನ್ನ ಜೊತೆ ನಿಂತವರನ್ನೂ ನಾಲ್ಕು ಜನರೆದುರು ನೆನೆಯಬೇಕೆಂದು ನಿಶ್ಚಯಿಸಿದೆ.

ಎರಡು ವರ್ಷಗಳ ಹಿಂದೆ, ಗಣೇಶ ಚೌತಿಯ ಸುಮಾರಿಗೆ, ನನಗೆ ಒಣಕೆಮ್ಮು ಹತ್ತಿತು. ಸಂಜೆಗೆ ಮೈ ಬೆಚ್ಚಗಾಗುತ್ತಿತ್ತು, ತೂಕ ಇಳಿಯುತ್ತಿತ್ತು, ಮತ್ತು ಎಷ್ಟು ನಿದ್ದೆ ಮಾಡಿದರೂ ನೀಗದ ಆಯಾಸ ಬೆಳಗಾಗುವ ಮೊದಲೇ ನನಗಾಗಿ ಕಾದಿರುತ್ತಿತ್ತು. ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳ ಬುಡದಲ್ಲಿ ಊದಿದ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಕಂಡವು. ಮೊದಲು ನೋಡಿದ ವೈದ್ಯರು ಅದನ್ನು ಕ್ಷಯವೆಂದು ಬರೆದು ಗುಳಿಗೆಗಳನ್ನು ಆರಂಭಿಸಿದರು. ನಮ್ಮ ಊರುಗಳಲ್ಲಿ ಇಂಥ ಲಕ್ಷಣಗಳನ್ನು ಕಂಡು ಕ್ಷಯವನ್ನು ಶಂಕಿಸುವುದು ಸರಿಯೇ. ಆದರೆ ಆ ಶಂಕೆಯನ್ನು ಪರೀಕ್ಷೆಗೆ ಒಡ್ಡದೆ ನಾಲ್ಕು ತಿಂಗಳು ಔಷಧ ಕೊಟ್ಟದ್ದು ಸರಿಯಲ್ಲವೆಂದು ನಾನು ಇಂದಿಗೂ ಭಾವಿಸುತ್ತೇನೆ. ಮೂತ್ರ ಕೆಂಪಾಯಿತು, ಬಾಯಿರುಚಿ ಸತ್ತಿತು, ಕೆಮ್ಮು ಮಾತ್ರ ಹಾಗೆಯೇ ಉಳಿಯಿತು.

ಆ ನಾಲ್ಕು ತಿಂಗಳಲ್ಲಿ ನಮ್ಮ ಕಟ್ಟಡದ ಕೆಲವರು ಬಾಗಿಲಿನಿಂದಲೇ ಮಾತನಾಡಿಸಿ ಹೋಗುತ್ತಿದ್ದರು. ಅವರ ಭಯವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನಮ್ಮ ವೈನಿ (ಅತ್ತಿಗೆ) ಮಾತ್ರ ಪಕ್ಕದ ಓಣಿಯಿಂದ ದಿನವೂ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು, ಕಿಟಕಿಗಳನ್ನೆಲ್ಲ ತೆರೆದು, ನನ್ನೆದುರಿಗೇ ಕೂತು ಉಣ್ಣುತ್ತಿದ್ದರು. "ಟಿ.ಬಿ. ಗಾಳಿಲೆ ಹರಡ್ತದವಾ, ತಾಟು ವಾಟಗದಿಂದ ಅಲ್ಲ" ಎಂದು ಅವರು ನಮ್ಮ ಧಾರವಾಡದ ಮಾತಿನಲ್ಲಿ ಹೇಳಿದ್ದು ವೈದ್ಯಕೀಯವಾಗಿಯೂ ಸರಿಯಾದ ಮಾತು. ವೈನಿ, ನಿಮ್ಮ ಋಣವನ್ನು ಈ ನಾಲ್ಕು ಸಾಲುಗಳಲ್ಲಿ ತೀರಿಸಲಾರೆ.

ಕೊನೆಗೆ ಅಣ್ಣ ನನ್ನನ್ನು ಪರೇಲಿನ ಎದೆರೋಗ ತಜ್ಞರೊಬ್ಬರ ಬಳಿಗೆ ಕರೆದೊಯ್ದ. ಅವರು ಬಾಯಿಯ ಮೂಲಕ ಶ್ವಾಸನಾಳಕ್ಕೆ ಅಲ್ಟ್ರಾಸೌಂಡ್ ಇರುವ ನಳಿಕೆಯನ್ನು ಇಳಿಸಿ, ಊದಿದ ಗ್ರಂಥಿಯಿಂದ ಸೂಜಿಯಲ್ಲಿ ತುಣುಕು ತೆಗೆದು, ಒಂದು ಪಾಲನ್ನು ಸೂಕ್ಷ್ಮದರ್ಶಕಕ್ಕೂ ಇನ್ನೊಂದನ್ನು ಕ್ಷಯದ ಜೀವಾಣು ಬೆಳೆಯುತ್ತದೆಯೇ ಎಂದು ನೋಡುವುದಕ್ಕೂ ಕಳುಹಿಸಿದರು. ಜೀವಾಣುವಿನ ಪರೀಕ್ಷೆಯ ಅಂತಿಮ ವರದಿಗೆ ಆರು ವಾರ ಹಿಡಿಯಿತು. ಏನೂ ಬೆಳೆಯಲಿಲ್ಲ. ಸಾರ್ಕಾಯ್ಡೋಸಿಸ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆಗ. ಸಾರ್ಕೋಮಾ ಎಂಬ ಕ್ಯಾನ್ಸರಿನ ಹೆಸರನ್ನು ಕೇಳಿದ್ದ ಅಣ್ಣನ ಮುಖ ಬಿಳಿಚಿಕೊಂಡದ್ದನ್ನು ಕಂಡು, ವೈದ್ಯರು ಆತುರವಿಲ್ಲದೆ ವಿವರಿಸಿದರು: ನಾರ್ವೆಯ ಚರ್ಮರೋಗ ತಜ್ಞ ಸೀಸರ್ ಬೂಕ್ 1899ರಲ್ಲಿ ಚರ್ಮದ ಗಂಟುಗಳು ಸಾರ್ಕೋಮಾದಂತೆ ಕಂಡದ್ದರಿಂದ ಈ ಪದವನ್ನು ಬಳಸಿದರು, ಆದರೆ ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಹೊರಗೆ ಮೂವತ್ತು ರೋಗಿಗಳು ಕಾದಿದ್ದರೂ ಅವರು ಔಷಧ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕೋಶಗಳು, ಇನ್ನೂ ಖಚಿತವಾಗಿ ಗೊತ್ತಾಗದ ಯಾವುದೋ ಪ್ರಚೋದನೆಗೆ ಎಚ್ಚೆತ್ತು, ಒಂದೆಡೆ ಗುಂಪುಗೂಡಿ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಅವಕ್ಕೆ ಗ್ರಾನ್ಯುಲೋಮ ಎಂದು ಹೆಸರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಅವು ಶ್ವಾಸಕೋಶದಲ್ಲೋ ಎದೆಯ ದುಗ್ಧಗ್ರಂಥಿಗಳಲ್ಲೋ ಇರುತ್ತವೆ. ಆದರೆ ಚರ್ಮ, ಕಣ್ಣು, ಯಕೃತ್ತು, ನರಮಂಡಲ, ಹೃದಯ, ಯಾವುದೂ ಅವುಗಳಿಗೆ ಹೊರತಲ್ಲ. ಹಲವರಲ್ಲಿ ಚಿಕಿತ್ಸೆಯಿಲ್ಲದೆಯೇ ಕರಗಿಹೋಗುತ್ತವೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಶ್ವಾಸಕೋಶದಲ್ಲಿ ಶಾಶ್ವತವಾದ ಕಲೆಗಟ್ಟಿಸುತ್ತವೆ. ಹೃದಯದಲ್ಲಿ ಗಂಟಾದರೆ ಬಡಿತದ ಲಯವೇ ತಪ್ಪಬಹುದಾದ್ದರಿಂದ ಇಸಿಜಿಯನ್ನು ಅಂದೇ ಮಾಡಿಸಿದರು.

ಕಣ್ಣಿನ ಪರೀಕ್ಷೆಯನ್ನೂ ಅವರೇ ಒತ್ತಾಯಿಸಿದರು. ಬೆಳಕು ಚುಚ್ಚುವುದನ್ನು, ಎಡಗಣ್ಣು ಕೆಂಪಾಗುವುದನ್ನು ನಾನು ಬ್ಯಾಂಕಿನ ಕಂಪ್ಯೂಟರಿನ ಲೆಕ್ಕಕ್ಕೆ ಹಾಕಿಕೊಂಡಿದ್ದೆ. ಅದು ಕಣ್ಣಿನೊಳಗಿನ ಉರಿಯೂತ, ಯುವಿಯೈಟಿಸ್ ಆಗಿತ್ತು. ತಡವಾಗಿದ್ದರೆ ದೃಷ್ಟಿಗೇ ಹಾನಿಯಾಗಬಹುದಿತ್ತು. ಆಯಾಸಕ್ಕೆಂದು ಬೇರೆಡೆ ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೂಡ ನಿಂತವು. ಈ ಗಂಟುಗಳು ತಾವೇ ವಿಟಮಿನ್ ಡಿಯನ್ನು ಸಕ್ರಿಯ ರೂಪಕ್ಕೆ ತಿರುಗಿಸಿ ರಕ್ತದ ಕ್ಯಾಲ್ಸಿಯಂ ಏರಿಸಬಲ್ಲವು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಸಬಲ್ಲವು. ನನ್ನ ರಕ್ತದಲ್ಲಿ ಅದು ಆಗಲೇ ಮಿತಿ ಮೀರಿತ್ತು. ಸ್ಟೀರಾಯ್ಡ್ ಸೇವಿಸುವವರಿಗೆ ಎಲುಬಿನ ರಕ್ಷಣೆಗೆಂದು ಸಾಮಾನ್ಯವಾಗಿ ಕೊಡುವ ಈ ಮಾತ್ರೆಗಳನ್ನು ನಮ್ಮಂಥವರು ರಕ್ತಪರೀಕ್ಷೆಯಿಲ್ಲದೆ ತೆಗೆದುಕೊಳ್ಳಬಾರದೆಂಬುದನ್ನು, ಇದೇ ರೋಗವಿರುವ ಯಾರಾದರೂ ಓದುತ್ತಿದ್ದರೆ ಅವರಿಗಾಗಿ, ಮತ್ತೆ ಒತ್ತಿ ಹೇಳುತ್ತಿದ್ದೇನೆ.

ಔಷಧದ ದಿನಗಳು ಸುಲಭವಾಗಿರಲಿಲ್ಲ. ಮುಖ ಊದಿತು, ಸಕ್ಕರೆ ಏರಿತು, ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಿನ ಲೋಕಲ್‌ನ ಮಹಿಳಾ ಡಬ್ಬಿಯ ಗೆಳತಿಯರು ಕಲ್ಯಾಣದಿಂದಲೇ ನನಗಾಗಿ ಜಾಗ ಹಿಡಿದು ತರುತ್ತಿದ್ದರು. ನನ್ನ ಮುಖ ಬದಲಾದ ಬಗ್ಗೆ ಅವರಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ಅವರಲ್ಲಿ ಕನ್ನಡ ಬಲ್ಲವರು ಇಬ್ಬರೇ. ಉಳಿದವರಿಗೆ ಇದನ್ನು ಮರಾಠಿಯಲ್ಲಿ ಓದಿ ಹೇಳುತ್ತೇನೆ. ಔಷಧ ನಿಂತ ಮೇಲೆ ರೋಗ ಮರುಕಳಿಸಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ ಮುಂದುವರಿಯುತ್ತದೆ.

ಇನ್ನೊಬ್ಬರಿಗೆ ಧನ್ಯವಾದ ಹೇಳುವುದಿದೆ, ಆದರೆ ಅವರನ್ನು ನಾನು ಕಂಡಿಲ್ಲ. ಕ್ಷಯದ ಗಂಟಿನ ನಡುವೆ ಸಾಮಾನ್ಯವಾಗಿ ಒಡೆದ ಹಾಲಿನ ಗಡ್ಡೆಯಂತೆ ಸತ್ತ ಕೋಶಗಳಿರುತ್ತವೆ. ನನ್ನ ಗಂಟುಗಳಲ್ಲಿ ಅದಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದವರು, ಅಷ್ಟಕ್ಕೇ ತೃಪ್ತರಾಗದೆ "ಜೀವಾಣು ಪರೀಕ್ಷೆಯ ವರದಿ ಬರುವವರೆಗೆ ಅಂತಿಮವೆಂದು ಪರಿಗಣಿಸಬೇಡಿ" ಎಂದು ಕೆಳಗೆ ಸೇರಿಸಿದವರು, ಪ್ರಯೋಗಾಲಯದ ಆ ರೋಗಶಾಸ್ತ್ರಜ್ಞರು. ವರದಿಯ ಕೊನೆಯಲ್ಲಿರುವ ಅವರ ಸಹಿಯನ್ನು ಎಷ್ಟು ಪ್ರಯತ್ನಿಸಿದರೂ ನನಗೆ ಓದಲಾಗಿಲ್ಲ. ಅವರು ನೋಡಿದ ಗಾಜಿನ ಸ್ಲೈಡುಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಹತ್ತಿಯಲ್ಲಿ ಸುತ್ತಿ, ಮನೆಯ ಕಾಗದಪತ್ರಗಳ ಜೊತೆ ಕಪಾಟಿನಲ್ಲಿ ಇಟ್ಟಿದ್ದೇನೆ.