ಗೋಡೆಯಲ್ಲಿ ಆ ಹೆಸರನ್ನು ಹುಡುಕು, ಮಗಳೇ

ಹಾಸನ
ಅಕ್ಟೋಬರ್ 21, ರಾತ್ರಿ

ಪ್ರೀತಿಯ ಪುಟ್ಟಿ,

ಕಚೇರಿಯ ಕೆಲಸದ ಮೇಲೆ ಮುಂದಿನ ವಾರ ದೆಹಲಿಗೆ ಹೋಗುತ್ತೇನೆ ಎಂದು ನೀನು ಹೇಳಿದಾಗಿನಿಂದ ಒಂದು ಮಾತು ನಾಲಿಗೆಯ ತುದಿಯಲ್ಲೇ ಇದೆ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂದು ಪೊಲೀಸ್ ಹುತಾತ್ಮರ ದಿನ. ಬೆಳಿಗ್ಗೆ ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೈದಾನಕ್ಕೆ ಹೋಗಿದ್ದೆ. ನಿವೃತ್ತಿಯಾದ ಮೇಲೂ ಮಂಡಿನೋವು ಕಟ್ಟಿಕೊಂಡು ಹೋಗಲೇಬೇಕೇ ಎಂದು ನಿನ್ನ ಅಮ್ಮ ಗೊಣಗಿದಳು. ಈ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದಿದರು, ಹುತಾತ್ಮರ ಸ್ಮಾರಕಕ್ಕೆ ಹೂಗುಚ್ಛ ಇಟ್ಟರು, ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸಿದರು. ಆಮೇಲೆ ಬಿಗಲ್. ಅದನ್ನು ಕೇಳುವಾಗ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಈ ದಿನವೇ ಏಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. 1959ರ ಅಕ್ಟೋಬರ್‌ನಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಿಂದ ಗಸ್ತು ಹೋದ ಇಬ್ಬರು ಕಾನ್‌ಸ್ಟೆಬಲ್‌ಗಳು ಮತ್ತು ಒಬ್ಬ ಹಮಾಲಿ ಮರಳಲಿಲ್ಲ. ಮಾರನೆಯ ದಿನ, 21ರಂದು, ಅಧಿಕಾರಿ ಕರಮ್ ಸಿಂಗ್ ನೇತೃತ್ವದಲ್ಲಿ ಅವರನ್ನು ಹುಡುಕಲು ಹೊರಟ ತಂಡದ ಮೇಲೆ ಚೀನಾದ ಸೈನಿಕರು ಗುಂಡಿನ ಮಳೆ ಸುರಿಸಿದರು. ಹತ್ತು ಮಂದಿ ಪೊಲೀಸರು ಸತ್ತರು. ಮೂರು ವಾರ ಕಳೆದ ಮೇಲೆ ಶವಗಳು ಸಿಕ್ಕವು. ಯುದ್ಧಕ್ಕೆಂದು ಹೋದವರಲ್ಲ ಅವರು, ಜೊತೆಗಾರರನ್ನು ಹುಡುಕಲು ಹೋದವರು. ಈ ಮಾತು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿನ್ನ ಮಾವನ ನೆನಪಿದೆಯಲ್ಲ? ನಿನಗೆ ಐದು ವರ್ಷ. ನಾನು ಗುಂಡು ಹಾರಿಸುವ ಸಾಲಿನಲ್ಲಿದ್ದೆ. ನೀನು ಅವನ ಹೆಗಲ ಮೇಲೆ. ಕಮಾಂಡ್ ಬೀಳುತ್ತಿದ್ದಂತೆ ಅವನು ನಿನ್ನನ್ನು ಕೆಳಗಿಳಿಸಿ ಎರಡು ಅಂಗೈಗಳಿಂದ ನಿನ್ನ ಕಿವಿ ಮುಚ್ಚಿದ. ಎರಡು ವರ್ಷದ ನಂತರ ಸಕಲೇಶಪುರದ ಕಡೆ ನಾಕಾಬಂದಿಯಲ್ಲಿ, ತಡೆದ ಲಾರಿ ನಿಲ್ಲದೆ ಅವನ ಮೇಲೆಯೇ ಹರಿಯಿತು. ಆ ಅಕ್ಟೋಬರ್‌ನಲ್ಲಿ ಅವನ ಹೆಸರನ್ನು ಓದಿದಾಗಲೂ ನಾನು ಅದೇ ಸಾಲಿನಲ್ಲಿದ್ದೆ. ಬಂದೂಕು ಎತ್ತುವ ಮೊದಲು ನಿನ್ನತ್ತ ನೋಡಿದೆ. ನಿನ್ನ ಕಿವಿಗಳನ್ನು ನೀನೇ ಮುಚ್ಚಿಕೊಂಡಿದ್ದೆ.

ಮೈದಾನದಲ್ಲಿ ಅವನ ಹೆಸರು ಕೇಳಿದ್ದು ಅದೊಂದೇ ಸಲ. ಪಟ್ಟಿ ಆಯಾ ವರ್ಷದ್ದು, ಮುಂದಿನ ವರ್ಷ ಬೇರೆ ಹೆಸರುಗಳು ಬರುತ್ತವೆ. ಅದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಅವನ ಹೆಸರನ್ನು ಮನಸ್ಸಿನಲ್ಲಾದರೂ ಹೇಳಿಕೊಳ್ಳುವವರೊಬ್ಬರು ಅಲ್ಲಿ ನಿಂತಿರಬೇಕು. ಅದಕ್ಕೇ ಹೋಗುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಹೊಸತಲ್ಲ. ಹಳೇಬೀಡಿನಲ್ಲಿ ನಿನಗೆ ತೋರಿಸಿದ್ದೆನಲ್ಲ, ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ. ಎರಡನೆಯ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರಲಕ್ಷ್ಮನ ಹೆಸರು ಎಂಟುನೂರು ವರ್ಷವಾದರೂ ಅದರಲ್ಲಿ ಉಳಿದಿದೆ. ಅವನು ದಂಡನಾಯಕ. ನಮ್ಮ ಊರ ಕೆರೆ ಏರಿಯ ವೀರಗಲ್ಲಿನಲ್ಲಿ ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಎಲ್ಲವೂ ಇವೆ, ಹೆಸರೊಂದೇ ಇಲ್ಲ. ನಿನ್ನ ಅಜ್ಜಿ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಯಾರೆಂದು ಕೇಳಿದರೆ ‘ಯಾರೋ ನಮ್ಮವನೇ’ ಎನ್ನುತ್ತಿದ್ದಳು. ನಿನ್ನ ಮಾವ ‘ಯಾರೋ’ ಆಗುವುದು ನನಗೆ ಬೇಡ ಪುಟ್ಟಿ.

ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. 2018ರಲ್ಲಿ ಇದೇ ಅಕ್ಟೋಬರ್ 21ರಂದು ಉದ್ಘಾಟನೆಯಾಯಿತು. ಮೂವತ್ತು ಅಡಿ ಎತ್ತರದ ಗ್ರಾನೈಟ್ ಕಲ್ಲು ದೂರದಿಂದಲೇ ಕಾಣುತ್ತದಂತೆ. ನೀನು ಅದನ್ನು ನೋಡುತ್ತಾ ನಿಲ್ಲಬೇಡ, ಗೋಡೆಯ ಹತ್ತಿರ ಹೋಗು. ಸ್ವಾತಂತ್ರ್ಯ ಬಂದಾಗಿನಿಂದ ಮಡಿದ ಪೊಲೀಸರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ, ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು. ಹುಡುಕಲು ಹೊತ್ತು ಹಿಡಿದೀತು, ಬೇಸರಿಸಬೇಡ. ಅವನ ಪೂರ್ತಿ ಹೆಸರನ್ನೂ ಇಸವಿಯನ್ನೂ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಸಿಕ್ಕ ಕೂಡಲೇ ಫೋನ್ ಮಾಡು. ಆ ದಿನ ನಾನು ಅರಸೀಕೆರೆಯಲ್ಲಿ ಅವನ ತಾಯಿಯ ಪಕ್ಕದಲ್ಲಿ ಕುಳಿತಿರುತ್ತೇನೆ. ಅಲ್ಲೇ ನಿಂತು ಹೆಸರನ್ನು ಓದು. ಅಜ್ಜಿಗೆ ಈಗ ಕಿವಿ ಮಂದ, ಸ್ವಲ್ಪ ಜೋರಾಗಿಯೇ ಓದು.

ನಿನ್ನ
ಅಪ್ಪ