ಮೊಮ್ಮಕ್ಕಳನ್ನು ನೋಡುವ ಹಕ್ಕನ್ನು ಕಾಯ್ದೆಯಲ್ಲಿ ಬರೆಯಿಸಿ: ಹಾಸನದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

2007ರ ಹಿರಿಯ ನಾಗರಿಕರ ಕಾಯ್ದೆ ತಮಗೆ ಗೊತ್ತೇ ಇದೆ. ಮೊಮ್ಮಗನಿಗೆ 18 ತುಂಬಿದ ಮೇಲೆ ಅವನಿಂದ ಜೀವನಾಂಶ ಕೇಳಿ ಅಜ್ಜ-ಅಜ್ಜಿ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ಮುಂದೆ ಅರ್ಜಿ ಹಾಕಬಹುದು. ಅದೇ ಮೊಮ್ಮಗ ಎಂಟು ವರ್ಷದವನಿದ್ದಾಗ ಒಮ್ಮೆ ಕಂಡು ಬರುತ್ತೇವೆ ಎಂದರೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಆ ಸಾಲು ಬರೆಯಿಸಿ.

ಈಗಿರುವ ದಾರಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಅಂದರೆ ಮಕ್ಕಳ ಪೋಷಕತ್ವ, ಸುಪರ್ದಿಯ ಕಾಯ್ದೆ. ಅದರ 9ನೇ ಕಲಂ ಪ್ರಕಾರ ಮಗು ಇರುವ ಊರಿನ ಕೋರ್ಟಿಗೇ ಹೋಗಬೇಕು. ಮಗ ತೀರಿಕೊಂಡು, ಸೊಸೆ ಮಗುವಿನೊಂದಿಗೆ ಬೆಂಗಳೂರು ಸೇರಿದರೆ ಅರಕಲಗೂಡಿನ ಮುದುಕರು ವಾಯಿದೆಗೆಲ್ಲ ಅಲ್ಲಿಗೇ ಅಲೆಯಬೇಕು. 12ನೇ ಕಲಂ ಕೆಳಗೆ ಮಧ್ಯಂತರ ಭೇಟಿ ಕೇಳದಿದ್ದರೆ ಕೇಸು ಮುಗಿಯುವವರೆಗೆ ಮಗುವಿನ ಮುಖ ಕಾಣುವುದಿಲ್ಲ. ಅಜ್ಜಿಯ ಹೆಸರಲ್ಲಿ ಅರ್ಜಿ ಹಾಕಿದರೆ ಆದಾಯ ಎಷ್ಟೇ ಇರಲಿ, ಮಹಿಳೆ ಎಂಬ ಕಾರಣಕ್ಕೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹಳ್ಳಿಯಲ್ಲಿ ಇದನ್ನು ಹೇಳುವವರಿಲ್ಲ.

ವಾಯಿದೆ ಮುಂದಕ್ಕೆ ಹೋದಷ್ಟೂ ಮಗು ಮುಖ ಮರೆಯುತ್ತದೆ. ಆಮೇಲೆ 17ನೇ ಕಲಂ ಹಿಡಿದು ಮಗುವಿನ ಇಷ್ಟ ಏನೆಂದು ಕೇಳುತ್ತಾರೆ. ವರ್ಷಗಟ್ಟಲೆ ಕಾಣದವರ ಬಳಿ ಯಾವ ಮಗು ತಾನೇ ಬಂದೀತು? ತಡ ಮಾಡಿದವರಿಗೇ ತಡದಿಂದ ಲಾಭ. ಇದು ಅನ್ಯಾಯ ಸ್ವಾಮಿ.

ಆದೇಶ ಸಿಕ್ಕಿತೆನ್ನಿ. 12ನೇ ಕಲಂ ಆದೇಶದಂತೆ ಮಗುವನ್ನು ಕರೆತರದಿದ್ದರೆ 45ನೇ ಕಲಂ ಹಾಕುವ ದಂಡ ಹೆಚ್ಚೆಂದರೆ 100 ರೂಪಾಯಿ. ಆಮೇಲೆ ದಿನಕ್ಕೆ 10, ಒಟ್ಟು 500 ಮೀರುವಂತಿಲ್ಲ! ಸಿವಿಲ್ ಜೈಲು ಅಂತಲೂ ಬರೆದಿದೆ, ಆದರೆ ಮೊಮ್ಮಗುವಿನ ತಾಯಿಯನ್ನು ಜೈಲಿಗೆ ಕಳಿಸಿ ಎಂದು ಯಾವ ಅಜ್ಜಿ ಕೇಳುತ್ತಾಳೆ?

2015ರಲ್ಲೇ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಅಜ್ಜ-ಅಜ್ಜಿಯರ ಭೇಟಿಯ ಸಮಯವನ್ನೂ ಸೇರಿಸಿ ಮಾರ್ಗಸೂಚಿ ಬರೆದು, 1890ರ ಕಾಯ್ದೆಗೆ ಹೊಸ ಅಧ್ಯಾಯವೇ ಬೇಕೆಂದಿತು. ವರದಿ ದೂಳು ತಿನ್ನುತ್ತಿದೆ. ತಾವೂ ಅದನ್ನು ಓದಿರಬೇಕಲ್ಲವೇ?

ಮಗುವನ್ನು ನಮ್ಮ ಸುಪರ್ದಿಗೆ ಕೊಡಿ ಎನ್ನುತ್ತಿಲ್ಲ. ತಾಯಿಯ ಹಕ್ಕು ತಾಯಿಗೇ ಇರಲಿ, ಮಗುವಿಗೆ ಕೆಡುಕಾಗುವ ಕಡೆ ಕೋರ್ಟು ಭೇಟಿ ನಿರಾಕರಿಸಲಿ. ಉಳಿದವರಿಗೆ ತಿಂಗಳಲ್ಲಿ ಎರಡು ಭಾನುವಾರ, ಹಬ್ಬಕ್ಕೊಂದು ದಿನ, ವಾರಕ್ಕೊಂದು ವಿಡಿಯೊ ಕರೆ. ಅರ್ಜಿ ಹಾಕಿದ 60 ದಿನದೊಳಗೆ ಮಧ್ಯಂತರ ಆದೇಶ. ವಾಯಿದೆಗೆ ಹಾಸನದ ಕೋರ್ಟಿನಿಂದಲೇ ವಿಡಿಯೊದಲ್ಲಿ ಹಾಜರಾಗುವ ಅವಕಾಶ.

ಸರ್ಕಾರ ತರದಿದ್ದರೆ ತಾವೇ ಖಾಸಗಿ ಸದಸ್ಯರ ಮಸೂದೆ ಮಂಡಿಸಿ. ಬರುವ ಅಧಿವೇಶನದಲ್ಲೇ ಮಂಡಿಸಿ. ಈ ವಯಸ್ಸಿನವರಿಗೆ ಮುಂದಿನ ಚುನಾವಣೆಯವರೆಗೆ ಕಾಯಿರಿ ಎನ್ನಬೇಡಿ.

ಇತಿ,
ಹಾಸನ ಜಿಲ್ಲೆಯ ಅಜ್ಜ-ಅಜ್ಜಿಯರ ಪರವಾಗಿ